ಎಡಕ್ಕೆ ಎರಡು ಬೆರಳು

“ಅಕ್ಕಾ, ಗಾಡೀಲಿ ಎಲ್ಲಾ ಸೂಪರ್. ಈ ಸೀಟ್ ಒಂದೇ ನನ್ನ ಸೊಂಟಕ್ಕೆ ಗಂಟುಬಿದ್ದಿರೋದು,” ಎನ್ನುತ್ತ ಗಿರಾಕಿ ಬೈಕನ್ನು ಅಂಗಡಿಯೊಳಗೇ ಹತ್ತಿಸಿ ನಿಲ್ಲಿಸಿದ. “ಎಡಗಡೆ ಎತ್ತರ, ಬಲಗಡೆ ತಗ್ಗು. ಆರು ತಿಂಗಳಾಯ್ತು. ಈಗ ನೆಲದ ಮೇಲೆ ನಿಂತ್ರೂ ವಾಲ್ಕೊಂಡೇ ನಿಂತಿರ್ತೀನಿ.”

“ಆರು ತಿಂಗಳು ಸುಮ್ನೆ ಇದ್ರಾ?” ಎಂದಳು ಸೀಟಕ್ಕ.

“ದುಡ್ಡೆಲ್ಲ ಕಣ್ಣಿಗೆ ಕಾಣೋ ಕಡೆ ಹಾಕ್ದೆ. ಕೂತ್ಮೇಲೆ ಸೀಟ್ ಯಾರಿಗೆ ಕಾಣತ್ತೆ ಹೇಳಿ.”

ಅವಳಿಗೆ ನಗು ಬಂತು. ಹದಿನಾರು ವರ್ಷದಿಂದ ಬೈಕುಗಳ ಸೀಟು ಹೊಲಿದೂ ಹೊಲಿದೂ ಅವಳ ಹೆಸರೇ ಸೀಟಕ್ಕ ಎಂದಾಗಿತ್ತು. ಆ ಬೀದಿಯ ತುಂಬ ಗಾಡಿ ಸಿಂಗರಿಸುವ ಕಸುಬಿನವರು. ಒಬ್ಬ ಟ್ಯಾಂಕಿಗೆ ಬಣ್ಣ ಹೊಡೆದರೆ ಇನ್ನೊಬ್ಬ ಗುಂಡು ಹಾರಿದಂತೆ ಸದ್ದು ಮಾಡುವ ಸೈಲೆನ್ಸರ್ ಕೂರಿಸುತ್ತಿದ್ದ. ಬೋಳು ಗಾಡಿಯೊಂದು ಆ ತುದಿಯಲ್ಲಿ ಹೊಕ್ಕರೆ ಈ ತುದಿಯಲ್ಲಿ ಮದುಮಗನಾಗಿ ಹೊರಬೀಳುತ್ತಿತ್ತು. ಈ ಗಾಡಿಯಂತೂ ಮದುಮಗನಿಗೂ ಒಂದು ಕೈ ಮೇಲು. ಚಿನ್ನದ ಬಣ್ಣದ ಫೋರ್ಕು, ಕೆಂಪು ಲಿವರು, ಟ್ಯಾಂಕಿನ ಮೇಲೆ ಬಾಯಿ ತೆರೆದ ಹುಲಿ, ಹುಲಿಯ ಹೊಟ್ಟೆಯಡಿ ಮಿಣುಕುವ ನೀಲಿ ದೀಪ. ಫುಟ್‌ರೆಸ್ಟುಗಳಿಗೂ ಗರಗಸದಂತೆ ಹಲ್ಲು.

“ಶೋರೂಮಿಂದ ತಂದಾಗ ಬರೀ ಕಪ್ಪು ಗಾಡಿ. ಒಂದೊಂದೇ ಹಾಕಿ ಹಾಕಿ ನಾನೇ ಕಟ್ಟಿದ್ದು,” ಎಂದ ಆತ, ಟ್ಯಾಂಕನ್ನು ತೋಳಿನಿಂದ ಒರೆಸುತ್ತ. “ಕಂಪನೀದು ಅಂತ ಉಳ್ದಿರೋದು ಇಂಜಿನ್ ಒಂದೇ.”

ಸೀಟು ಬಿಚ್ಚಿ ಮಡಿಲಿಗೆ ಹಾಕಿಕೊಂಡು ಅವಳು ಪಿನ್ನುಗಳನ್ನು ಕಿತ್ತಳು. ಮೇಲೆ ಹೊಸದಾಗಿ ಹೊದಿಸಿದ್ದ ಕೆಂಪು ರೆಕ್ಸಿನ್ ಸಿಪ್ಪೆಯಂತೆ ಕಳಚಿ ಬಂತು. ಒಳಗಿನ ಫೋಮಿನ ಎಡಭಾಗ ಎರಡು ಬೆರಳು ಎತ್ತರವಿತ್ತು. ಅಂಚು ಎತ್ತಿ ನೋಡಿದಳು. ಕೆಳಗೆ, ಸಲ್ಯೂಷನ್ ಅಂಟು ಹಚ್ಚಿ ಕೂರಿಸಿದ ನೀಲಿ ರಬ್ಬರ್ ತುಂಡೊಂದು. ಚಪ್ಪಲಿಯ ಅಟ್ಟೆ.

ಅವಳ ಕೈ ಅಲ್ಲೇ ನಿಂತಿತು.

ಆ ಅಟ್ಟೆಯನ್ನು ಕತ್ತರಿಸಿದ್ದು ಅವಳೇ. ತಮ್ಮನ ಎಡಗಾಲು ಹುಟ್ಟಿನಿಂದಲೇ ಎರಡು ಬೆರಳು ಗಿಡ್ಡ; ಕೂತರೂ ಸೊಂಟ ಎಡಕ್ಕೆ ವಾಲುತ್ತಿತ್ತು. ಅವನ ಎಡಗಾಲಿನ ಚಪ್ಪಲಿಗೆ ಯಾವಾಗಲೂ ದಪ್ಪ ಅಟ್ಟೆ ಅಂಟಿಸಬೇಕು. ಅವನು ಬೈಕು ಕೊಂಡ ದಿನ, ಹಳೇ ಚಪ್ಪಲಿಯ ಅಟ್ಟೆಯನ್ನೇ ಫೋಮಿನಡಿ ಕೂರಿಸಿ ಅಳತೆಗೆ ಕೆತ್ತಿ ಕೊಟ್ಟಿದ್ದಳು. “ಅಕ್ಕಾ, ಜೀವನದಲ್ಲಿ ಇದೇ ಮೊದ್ಲು ನಾನು ನೆಟ್ಟಗೆ ಕೂತಿದ್ದು,” ಎಂದಿದ್ದ ಅವನು. ನಾಲ್ಕೇ ತಿಂಗಳು ಓಡಿಸಿದ. ಒಂದು ಸಂಜೆ ಫ್ಯಾಕ್ಟರಿ ರಸ್ತೆಯಲ್ಲಿ ಹೆಲ್ಮೆಟ್ ಹಾಕಿದ ಇಬ್ಬರು ಅಡ್ಡಗಟ್ಟಿ, ಕಬ್ಬಿಣದ ರಾಡಿನಿಂದ ಅವನ ದವಡೆ ಒಡೆದು, ಬಿದ್ದವನ ಗಿಡ್ಡ ಕಾಲನ್ನು ತುಳಿದು ಮುರಿದು ಗಾಡಿ ಒಯ್ದರು. ಆಮೇಲೆ ಅವನು ಬೀದಿಗಿಳಿದಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಹಳೇ ಸೀಟುಗಳ ಹೊಲಿಗೆ ಬಿಚ್ಚುತ್ತಿದ್ದ. ಠಾಣೆಯಲ್ಲಿ ಹೇಳಿದ್ದಿಷ್ಟು: “ಚಾಸಿ ನಂಬರ್ ಉಜ್ಜಿ ಹಾಕಿರ್ತಾರಮ್ಮ. ನಿಮ್ದೇ ಅನ್ನೋಕೆ ಬೇರೆ ಏನಾದ್ರೂ ಗುರುತು ತನ್ನಿ.”

ಗುರುತು ಈಗ ಅವಳ ಮಡಿಲಲ್ಲಿತ್ತು.

“ಸಲ್ಯೂಷನ್ ಒಣಗೋಕೆ ಒಂದು ಗಂಟೆ ಬೇಕು,” ಎಂದಳು. ಫೋಮಿನ ಅಂಚನ್ನು ಮೊದಲಿನಂತೆ ಮುಚ್ಚಿದಳು. “ಟೀ ಕುಡ್ಕೊಂಡು ಬನ್ನಿ.”

“ಗಾಡಿ ಬಿಟ್ಟು ಉಚ್ಚೆಗೂ ಹೋಗಲ್ಲ ಅಕ್ಕಾ ನಾನು,” ಎಂದು ನಕ್ಕ ಆತ.

ಮಾತು ಕೇಳಿಯೋ, ಅಕ್ಕನ ದನಿ ಬದಲಾದದ್ದಕ್ಕೋ, ಹಿಂದಿನ ಕೋಣೆಯಿಂದ ತಮ್ಮ ಕುಂಟುತ್ತ ಬಂದ. ಅವಳು ಫೋಮಿನ ಅಂಚು ಎತ್ತಿ ತೋರಿಸಿದಳು. ಅವನು ನೀಲಿ ರಬ್ಬರಿನ ಮೇಲೆ ಬೆರಳಾಡಿಸಿದ. ಸೊಟ್ಟಗೆ ಕೂಡಿಕೊಂಡ ದವಡೆ ಅದುರಿತು.

ಗಿರಾಕಿಯ ಕಣ್ಣು ಆ ದವಡೆಯಿಂದ ತಮ್ಮನ ಎಡ ಚಪ್ಪಲಿಗೆ ಇಳಿಯಿತು. ದಪ್ಪ ಅಟ್ಟೆ. ಅಲ್ಲಿಂದ ಫೋಮಿಗೆ. ನಗು ಮುಖದಲ್ಲೇ ಹೆಪ್ಪುಗಟ್ಟಿತು.

“ಬೇಡ ಬಿಡಿ ಅಕ್ಕಾ, ಸೀಟ್ ಹಂಗೇ ಇರ್ಲಿ. ಕೊಡಿ ಇಲ್ಲಿ.”

“ಕೊಡಲ್ಲ.”

ಅಷ್ಟೇ. ಅವನ ಮುಷ್ಟಿ ಅವಳ ಮೂಗಿನ ಮೇಲೆ ಬಿತ್ತು. ಕಣ್ಣ ಮುಂದೆ ಕತ್ತಲೆ ಕವಿದು, ಬಿಸಿ ರಕ್ತ ಬಾಯಿಗಿಳಿಯಿತು. ಆದರೂ ಸೀಟು ಬಿಡಲಿಲ್ಲ. ಅದನ್ನು ಹೊಟ್ಟೆಗವಚಿಕೊಂಡು ನೆಲಕ್ಕೆ ಮಗುಚಿಕೊಂಡಳು. ಅವನು ಬೆಂಚಿನ ಮೇಲಿದ್ದ ಫೋಮ್ ಕೊಯ್ಯುವ ಉದ್ದ ಚಾಕು ಕಿತ್ತುಕೊಂಡು ಅವಳ ತೋಳು ಸೀಳಿದ. ಮತ್ತೊಮ್ಮೆ ಸೀಳಿದ. ತನ್ನದೇ ಚಾಕು, ಬೆಳಿಗ್ಗೆ ತಾನೇ ಮಸೆದದ್ದು. ಎಷ್ಟು ಹರಿತ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ತಮ್ಮ ಮರದ ಕೊಡತಿ ಎತ್ತಿ ಅವನ ಮಂಡಿಗೆ ಬೀಸಿದ. ಒಣ ಕಟ್ಟಿಗೆ ಮುರಿದ ಸದ್ದು.

“ಅವತ್ತು ತಿಂದಿದ್ದು ಸಾಲ್ಲಿಲ್ವಾ ಕುಂಟಾ,” ಎಂದು ಚೀರುತ್ತಲೇ ಆತ ತಮ್ಮನ ಕುತ್ತಿಗೆ ಹಿಡಿದು ತಳ್ಳಿದ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡೇ ಬೈಕಿನ ಮೇಲುರುಳಿದರು. ಬೈಕು ಧಡಾರನೆ ಮಗುಚಿತು, ಆತ ಅದರ ಮೇಲೆ ಬಿದ್ದ. ಮೇಲ್ಮುಖವಾಗಿದ್ದ ಫುಟ್‌ರೆಸ್ಟಿನ ಹಲ್ಲುಗಳು ಅವನ ತೊಡೆಗೆ ಬುಡದವರೆಗೂ ಇಳಿದವು. ಚಾಕು ಕೈಯಿಂದ ಜಾರಿತು. ಅವನು ತೊಡೆಯನ್ನು ನೋಡಿಕೊಳ್ಳಲೇ ಇಲ್ಲ. ಹುಲಿಯ ಮುಖ ಸಿಮೆಂಟಿಗೆ ಉಜ್ಜಿ ಹೋಗಿದ್ದನ್ನು ನೋಡಿದ.

“ನನ್ನ ಟ್ಯಾಂಕು,” ಎಂದ, ಅಳುವ ದನಿಯಲ್ಲಿ. “ಗೀಚೋಯ್ತಲ್ಲೋ ನನ್ನ ಟ್ಯಾಂಕು.”

ಆ ‘ನನ್ನ’ ಎಂಬ ಮಾತಿಗೇ ತಮ್ಮನ ಕೊಡತಿ ಅವನ ಬಾಯಿಗೆ ಅಪ್ಪಳಿಸಿತು. ಹಲ್ಲುಗಳು ಪಿನ್ನುಗಳ ರಾಶಿಯಲ್ಲಿ ಉದುರಿದವು.

ಸದ್ದಿಗೆ ಎದುರಂಗಡಿಯ ಪೇಂಟರ್ ಮಾವ ಓಡಿ ಬಂದ. ಹಿಂದೆಯೇ ಸೈಲೆನ್ಸರ್‌ನವನೂ ಬಂದ. ಯಾರ ಗಾಡಿ, ಯಾರ ಸೀಟು ಎಂಬುದನ್ನು ಸೀಟಕ್ಕ ರಕ್ತ ಉಗುಳುತ್ತ ಎರಡು ಮಾತಲ್ಲಿ ಹೇಳಿದಳು. ಪೇಂಟರ್ ಮಾವನ ಮುಖ ಬಿಳಿಚಿತು.

“ಈ ಹುಲಿ ಬರ್ದಿದ್ದು ನಾನೇ ಕಣಮ್ಮ. ಹಲ್ಲಿಗೆ ಹೊಳಪು ಬರ್ಲಿ ಅಂತ ಎರಡು ಸಲ ತಿದ್ದಿದೀನಿ,” ಎಂದವನು ಬಿದ್ದವನ ಪಕ್ಕೆಗೆ ಒದ್ದ. ಸೈಲೆನ್ಸರ್‌ನವನೂ ಒದ್ದ. ಕದ್ದ ಗಾಡಿಯನ್ನು ತಾವೇ ಕೈಯಾರೆ ಸಿಂಗರಿಸಿದ ನಾಚಿಕೆಯೆಲ್ಲ ಕಾಲಿಗಿಳಿದಿತ್ತು. ಪಕ್ಕೆಲುಬು ಮುರಿದ ಸದ್ದು ಬಾಗಿಲವರೆಗೂ ಕೇಳಿಸಿತು.

“ಸಾಕು ನಿಲ್ಸಿ ಮಾವಾ. ಠಾಣೆಗೆ ಫೋನ್ ಮಾಡಿ,” ಎಂದಳು ಅವಳು. ಮಾವ ಏದುಸಿರು ಬಿಡುತ್ತ ಫೋನಿಗೆ ತಡಕಾಡಿದ.

ತಮ್ಮ ಮಾತ್ರ ಕೊಡತಿಯನ್ನು ಎರಡೂ ಕೈಯಲ್ಲಿ ತಲೆಗಿಂತ ಮೇಲೆ ಎತ್ತಿ ನಿಂತಿದ್ದ. ಕೆಳಗೆ ಆತನ ನೆತ್ತಿ. ಬಿದ್ದರೆ ಮುಗಿಯಿತು: ಆತನ ಕಥೆಯೂ, ತಮ್ಮನ ಕಥೆಯೂ. ಸಿಕ್ಕ ಗುರುತು ತಮ್ಮನನ್ನೇ ಒಳಗೆ ಹಾಕಿಸಲು ಸಾಕ್ಷಿಯಾಗುತ್ತಿತ್ತು.

“ಬಿಡೋ,” ಎಂದಳು.

“ಅವ್ನು ನನ್ನ ಬಿಟ್ನಾ ಅವತ್ತು?”

“ಬಿಡ್ಲಿಲ್ಲ. ನೀನು ಒಳಗೆ ಹೋದ್ರೆ ಈ ಗಾಡಿ ಓಡ್ಸೋರು ಯಾರು?” ಸೀಳಿದ ತೋಳನ್ನು ಫೋಮಿಗೆ ಒತ್ತಿ ಹಿಡಿದು ಎದ್ದು ಕೂತಳು. “ನಿನ್ನ ಅಳತೆ ಸೀಟಲ್ಲಿ ಬೇರೆಯವ್ರು ಕೂತ್ರೆ ಸೊಂಟ ಹೋಗತ್ತೆ. ನೋಡಿದ್ಯಲ್ಲ.”

ಸೊಟ್ಟ ದವಡೆಯಿಂದ ಒಂದು ಸದ್ದು ಹೊರಟಿತು. ನಗುವೋ ಬಿಕ್ಕೋ ತಿಳಿಯಲಿಲ್ಲ. ಅವನು ಕೊಡತಿಯನ್ನು ಬೆಂಚಿನ ಮೇಲಿಟ್ಟ. ಮಗುಚಿದ ಬೈಕಿನ ಹೊಟ್ಟೆಯಡಿ ನೀಲಿ ದೀಪ ಇನ್ನೂ ಮಿಣುಕುತ್ತಲೇ ಇತ್ತು. ತಮ್ಮ ಬಗ್ಗಿ ಕೀ ತಿರುವಿದ. ದೀಪ ಆರಿತು. ಕೀ ಎಳೆದು, ಅಂಗಿಯ ತುದಿಗೆ ಒರೆಸಿ, ಜೇಬಿಗೆ ಹಾಕಿಕೊಂಡ.