ನಲ್ಲಿಯ ಬೀಗ

ಮೇಲ್ವಿಚಾರಕ ಗೂಳಿಯ ಬೂಟು ತಮ್ಮನ ಪಕ್ಕೆಗೆ ಬಿದ್ದ ಸದ್ದು ಮೂಳೆ ಕತ್ತರಿಸುವ ಗರಗಸದ ಗದ್ದಲದಲ್ಲೂ ನಾಲಿಗೆಯಕ್ಕನ ಕಿವಿಗೆ ಬಿತ್ತು. ಕೈಯಲ್ಲಿದ್ದ ಉಪ್ಪಿನ ಬೋಗುಣಿ ಬಿಸುಟು ಓಡಿದಳು. ತಮ್ಮ ನೆಲದ ಮೇಲೆ ಕಟ್ಟಿಗೆಯಂತೆ ಸೆಟೆದು, ಬಾಯಲ್ಲಿ ನೊರೆ ಕಾರುತ್ತ ಒದ್ದಾಡುತ್ತಿದ್ದ. ಹಂದಿಯ ತೊಡೆ ಬಿಡಿಸುತ್ತಿದ್ದ ಚೂರಿ ಇನ್ನೂ ಅವನ ಮುಷ್ಟಿಯಲ್ಲೇ ಇತ್ತು. ಮುಷ್ಟಿ ಅದುರಿದಾಗಲೆಲ್ಲ ಅದು ಅವನದೇ ತೊಡೆಯನ್ನು ಗೀರುತ್ತಿತ್ತು. ಗೂಳಿಗೆ ಇದ್ಯಾವುದೂ ಬೇಕಿರಲಿಲ್ಲ. ಹಾಡುಹಗಲೇ ಕುಡಿದು ಬಂದು ನಾಟಕ ಆಡ್ತಾನೆ ಎನ್ನುತ್ತ ಇನ್ನೊಂದು ಒದೆ ಕೊಟ್ಟ. ಅಕ್ಕ ತಮ್ಮನ ಮೇಲೆ ಕವುಚಿ ಬಿದ್ದಳು. ಮುಂದಿನ ಒದೆ ಅವಳ ಬೆನ್ನಿಗೆ ಬಿತ್ತು.

ಆ ಶೆಡ್ಡಿನಲ್ಲಿ ಸಾಸೇಜು ತಯಾರಾಗುತ್ತಿತ್ತು. ಒಂದು ಕಡೆ ಹಂದಿ ಕಡಿದು ಬಿಡಿಸುವವರು, ನಡುವೆ ಕೈಮಾ ಮಷೀನು, ಕೊನೆಯಲ್ಲಿ ತೊಳೆದ ಕರುಳಿಗೆ ಕೈಮಾ ತುಂಬುವ ಹೆಂಗಸರು. ಮಷೀನಿನ ಪಕ್ಕದ ದೊಡ್ಡ ತೊಟ್ಟಿಯ ಬಳಿ ನಿಂತು ಉಪ್ಪು, ಮೆಣಸು ಕಲಸಿ, ಹಸಿ ಕೈಮಾವನ್ನು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡು ಹದ ಹೇಳುವುದು ಅವಳ ಕೆಲಸ. ಆ ನಾಲಿಗೆ ತಪ್ಪಿದ್ದೇ ಇಲ್ಲ. ಅದಕ್ಕೇ ಇಡೀ ಶೆಡ್ಡಿಗೆ ಅವಳು ನಾಲಿಗೆಯಕ್ಕ. ಅವಳಿಗೂ ಆ ಹೆಸರಿನ ಮೇಲೆ ಒಳಗೊಳಗೇ ಹೆಮ್ಮೆ. ಬಾಯಿಗೆ ಹಾಕಿಕೊಂಡದ್ದನ್ನು ಉಗುಳುವ ಹಾಗಿರಲಿಲ್ಲ. ಉಗುಳಿದರೆ ನೆಲ ಗಲೀಜಾಗುತ್ತದೆ ಎಂದು ಯಜಮಾನ ಮೊದಲ ದಿನವೇ ಕಣ್ಣು ಕೆಂಪಗೆ ಮಾಡಿದ್ದ. ಅವಳು ನುಂಗುತ್ತಿದ್ದಳು.

ಕೆಲವು ಹಂದಿಯ ಮಾಂಸದೊಳಗೆ ಅಕ್ಕಿಕಾಳು ಚೆಲ್ಲಿದಂತೆ ಬಿಳಿ ಬಿಳಿ ಗುಳ್ಳೆ ಇರುತ್ತಿದ್ದವು. ಅಂಥದ್ದಕ್ಕೆ ಅಲ್ಲಿಯವರು ಅಕ್ಕಿಹಂದಿ ಎನ್ನುತ್ತಿದ್ದರು. ಅಂಗಡಿಯಲ್ಲಿ ತೂಗುಹಾಕಿದರೆ ಗಿರಾಕಿ ಮೂಗು ಮುರಿಯುತ್ತಾನೆ, ಕೈಮಾ ಮಾಡಿದರೆ ಯಾರಪ್ಪನಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಅಕ್ಕಿಹಂದಿಯೆಲ್ಲ ಸೀದಾ ಮಷೀನಿಗೆ.

ಹಿಂಬದಿಯ ಕಕ್ಕಸಿನ ಪಕ್ಕ ಒಂದು ನಲ್ಲಿ ಇತ್ತು. ಅದಕ್ಕೆ ಬೀಗ. ನೀರು ಬಿಟ್ಟರೆ ಕೂಲಿಯವರು ಅಲ್ಲೇ ಹರಟೆ ಹೊಡೆಯುತ್ತ ನಿಲ್ಲುತ್ತಾರೆಂದು ಯಜಮಾನ ಬೀಗದ ಕೈಯನ್ನು ತನ್ನ ಬೆಲ್ಟಿಗೆ ಸಿಕ್ಕಿಸಿಕೊಂಡು ತಿರುಗುತ್ತಿದ್ದ. ಕಕ್ಕಸಿಗೆ ಹೋದವರು ಕೈಯನ್ನು ಬಟ್ಟೆಗೆ ಒರೆಸಿಕೊಂಡು ಬರುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ತಮ್ಮನ ಎರಡೂ ಕೈ ಕೊಬ್ಬಿನಿಂದ ಜಿಬಿಜಿಬಿ. ತೊಳೆಯಲು ನೀರಿಲ್ಲ. ಹಾಗಾಗಿ ಅಕ್ಕನೇ ಡಬ್ಬಿ ಬಿಚ್ಚಿ, ಕಲಸಿ, ತುತ್ತು ಮಾಡಿ ಅವನ ಬಾಯಿಗಿಡುತ್ತಿದ್ದಳು. ಅವ್ವ ಸತ್ತಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಆಗಿನಿಂದಲೂ ಅವಳ ಕೈತುತ್ತು ಅವನಿಗೆ ಹೊಸದಲ್ಲ. ಮೀಸೆ ಬಂದ ಮಗುವಿಗೆ ತೊಟ್ಟಿಲೂ ಕಟ್ಟು ಎಂದು ಜೊತೆಯವರು ಗೇಲಿ ಮಾಡಿದರೆ, ನಿಮಗೆ ಅಕ್ಕ ಇಲ್ಲದ ಹೊಟ್ಟೆಕಿಚ್ಚು ಎಂದು ತುಂಬಿದ ಬಾಯಲ್ಲೇ ತಿರುಗಿಸಿ ಕೊಡುತ್ತಿದ್ದ.

ಒದೆ ತಿಂದ ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಅವನ ತಲೆಯ ಚಿತ್ರ ತೆಗೆಸಿ, ಬೆಳಕಿಗೆ ಹಿಡಿದು ತೋರಿಸಿದರು. ಮಿದುಳಿನ ತುಂಬ ಚುಕ್ಕೆಗಳು. ಇವು ಕುಡಿತದವಲ್ಲ, ಹುಳದ ಮರಿಗಳು ಎಂದರು. ಮನೆಯಲ್ಲಿ ಊಟ ಬಡಿಸುವವರು ಯಾರು ಎಂದು ಕೇಳಿದರು. ಅವಳು ತಾನೇ ಎಂದಳು. ಅವಳ ಕೆಲಸ ಏನು ಎಂದು ಕೇಳಿ, ಉತ್ತರ ಕೇಳುತ್ತಲೇ ಪೆನ್ನು ಕೆಳಗಿಟ್ಟರು. ಮಲದಲ್ಲಿ ಬಿಳಿ ಪಟ್ಟಿಯಂಥ ತುಂಡು ಕಂಡಿದ್ದೀಯಾ ಎಂದಾಗ ಅವಳು ತಲೆ ತಗ್ಗಿಸಿದಳು. ಕಂಡಿದ್ದಳು, ಎಷ್ಟೋ ಸಲ. ಹೇಸಿಗೆಯಾಗಿ ಯಾರಿಗೂ ಬಾಯಿಬಿಟ್ಟಿರಲಿಲ್ಲ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಆ ಅಕ್ಕಿಕಾಳು ಲಾಡಿಹುಳದ ಮರಿ. ಮಾಂಸ ಚೆನ್ನಾಗಿ ಬೆಂದರೆ ಸಾಯುತ್ತದೆ, ಹಸಿಯಾಗಿ ನುಂಗಿದರೆ ಕರುಳಿಗೆ ಕಚ್ಚಿಕೊಂಡು ಲಾಡಿಯ ಹಾಗೆ ಉದ್ದಕ್ಕೆ ಬೆಳೆಯುತ್ತದೆ. ಅದರ ಮೊಟ್ಟೆ ಮಲದಲ್ಲಿ ಹೊರಗೆ ಬರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ತೊಳೆಯದ ಕೈಗೆ ಅಂಟಿ ಅನ್ನಕ್ಕೆ ಬಂದು, ಅನ್ನದಿಂದ ಇನ್ನೊಬ್ಬರ ಹೊಟ್ಟೆಗೆ ಸೇರುತ್ತದೆ. ಅಲ್ಲಿ ಮೊಟ್ಟೆಯೊಡೆದ ಮರಿ ರಕ್ತ ಹಿಡಿದು ಮಿದುಳಿನಲ್ಲಿ ಹೋಗಿ ಕೂರುತ್ತದೆ. ಇಬ್ಬರಿಗೂ ಮಾತ್ರೆ ಬರೆದರು. ಫಿಟ್ಸು ಪೂರ್ತಿ ನಿಲ್ಲುವವರೆಗೆ ಅವನು ಬೆಂಕಿ, ಚೂರಿ, ಮಷೀನಿನ ಹತ್ತಿರ ಸುಳಿಯಕೂಡದು. ಅವಳು ಕೈ ತೊಳೆಯದೆ ಅವನ ತಟ್ಟೆ ಮುಟ್ಟಕೂಡದು.

ಹೊರಗೆ ಬಂದ ಮೇಲೆ ಅಕ್ಕ ತನ್ನ ಅಂಗೈಗಳನ್ನೇ ನೋಡುತ್ತ ನಿಂತಳು. ತಮ್ಮ ಅವಳ ಭುಜಕ್ಕೆ ಭುಜ ತಾಗಿಸಿ, "ಬಿಡಕ್ಕ. ಮನೇಲಿ ನಾವಿಬ್ಬರೇ ಅಂದ್ಕೊಂಡಿದ್ವಿ. ಇಷ್ಟೊಂದು ಜನ ಬಾಡಿಗೆ ಕೊಡದೆ ಇದ್ದಾರೆ ಅಂತ ಯಾರಿಗೆ ಗೊತ್ತಿತ್ತು," ಎಂದ. ಅವಳಿಗೆ ನಗು ಬರಲಿಲ್ಲ.

ಅವಳು ಯಜಮಾನನ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಕೇಳಿದ್ದು ಇಷ್ಟೇ: ನಲ್ಲಿಯ ಬೀಗ ತೆಗೆಯಿರಿ, ತಮ್ಮನಿಗೆ ಪೆಟ್ಟಿಗೆ ಹೊರುವ ಕೆಲಸ ಕೊಡಿ. ಅವನು ಮೇಜಿನ ಪಕ್ಕದ ಬೇಸಿನ್ನಿನಲ್ಲಿ ಗುಲಾಬಿ ಬಣ್ಣದ ಸೋಪಿನಿಂದ ಕೈ ಉಜ್ಜಿಕೊಳ್ಳುತ್ತ ಕೇಳಿಸಿಕೊಂಡ. ಶೆಡ್ಡಿನೊಳಗೆ ಒಂದು ಸುತ್ತು ಹಾಕಿ ಬಂದಾಗಲೆಲ್ಲ ಅವನು ಹಾಗೇ ತೊಳೆದುಕೊಳ್ಳುತ್ತಿದ್ದ.

"ಹುಳ ಗಿಳ ಅಂತ ಹೊರಗೆ ಉಸಿರೆತ್ತಿದ್ರೆ ಅಕ್ಕ ತಮ್ಮ ಇಬ್ರೂ ಬೀದಿಪಾಲಾಗ್ತೀರ. ಚೂರಿ ಬೇಡ ಅಂದ್ಯಲ್ಲ, ಬಿಡಿಸ್ತೀನಿ. ಮಷೀನಿಗೆ ಮಾಂಸ ಹಾಕ್ಲಿ."

ಮಷೀನೂ ಕೂಡದು ಅಂದಿದ್ದಾರೆ ಎಂದು ಅವಳು ಬಾಗಿಲಲ್ಲೇ ನಿಂತು ಗೋಗರೆದಳು. ಗೂಳಿ ಅವಳ ಜುಟ್ಟು ಹಿಡಿದು ಹೊರಗೆ ನೂಕಿದ.

ಆ ವಾರ ಅವಳು ತಮ್ಮನಿಗೆ ತುತ್ತು ಕೊಡಲಿಲ್ಲ. ಡಬ್ಬಿಯ ಜೊತೆ ಒಂದು ಚಮಚ ಮುಂದೆ ತಳ್ಳಿ ದೂರ ಕೂರುತ್ತಿದ್ದಳು. ಮನೆಯಿಂದ ತಂದ ಬಾಟಲಿಯ ನೀರು ಕೈಗೂ ಸಾಲದು, ಬಾಯಿಗೂ ಸಾಲದು. ಕಲಸುವಾಗ ಒಂದು ಕಣ್ಣು ಸದಾ ಮಷೀನಿನ ಕಡೆಗಿರುತ್ತಿತ್ತು.

ಆದರೂ ತಪ್ಪಿಸಲಾಗಲಿಲ್ಲ. ಅವಳು ಮೆಣಸಿನ ಚೀಲ ತರಲು ಬೆನ್ನು ತಿರುಗಿಸಿದ್ದೇ ತಡ, ತಮ್ಮನ ಕತ್ತು ಹೊರಳಿತು. ಮಾಂಸ ತಳ್ಳುತ್ತಿದ್ದ ಬಲಗೈ ಮಾಂಸದ ಜೊತೆಗೇ ಒಳಕ್ಕೆ ಹೋಯಿತು. ಹಿಂದಿನ ಸಾಲಿನವನು ಹಾರಿ ಸ್ವಿಚ್ಚು ಆರಿಸುವಷ್ಟರಲ್ಲಿ ಜಾಲರಿಯ ತೂತುಗಳಿಂದ ಬಿಸಿ ಕೆಂಪು ಇಳಿದು ತೊಟ್ಟಿಗೆ ಬಿದ್ದಿತ್ತು. ಕೈ ಹೊರಗೆಳೆದಾಗ ಮಣಿಕಟ್ಟಿನ ಮುಂದೆ ಬೆರಳೆನ್ನುವಂಥದ್ದು ಏನೂ ಇರಲಿಲ್ಲ. ಇಬ್ಬರು ಜೊತೆಗಾರರು ಅವನನ್ನು ಮಾಂಸದ ತಳ್ಳುಗಾಡಿಯಲ್ಲೇ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದರು. ಹಿಂದೆ ಹೊರಟ ಅಕ್ಕನನ್ನು ಗೂಳಿ ಅಡ್ಡಗಟ್ಟಿದ.

ಅಷ್ಟರಲ್ಲಿ ಯಜಮಾನ ಬಂದ. ತೊಟ್ಟಿಯೊಳಗೆ ಇಣುಕಿದ. ಮೂಳೆ ಚೂರಿದ್ದರೆ ಆರಿಸಿ ತೆಗೆಯಿರಿ, ಮೆಣಸು ಒಂದು ಹಿಡಿ ಜಾಸ್ತಿ ಹಾಕಿ, ಲಾರಿ ಬರುವ ಹೊತ್ತಾಯಿತು ಎಂದ. ಮತ್ತೆ ಅವಳ ಕಡೆ ತಿರುಗಿದ.

"ರುಚಿ ನೋಡಿ ಆಮೇಲೆ ಹೋಗು."

ನಾಲಿಗೆಯಕ್ಕ ತೊಟ್ಟಿಗೆ ಕೈ ಇಳಿಸಿದಳು. ಇನ್ನೂ ಬೆಚ್ಚಗಿತ್ತು. ಚಿಟಿಕೆಯಷ್ಟಲ್ಲ, ಮುಷ್ಟಿ ತುಂಬ ಎತ್ತಿಕೊಂಡಳು. ಎಡಗೈಯಿಂದ ಯಜಮಾನನ ಕುತ್ತಿಗೆಪಟ್ಟಿ ಹಿಡಿದು ತೊಟ್ಟಿಯ ಅಂಚಿಗೆ ಅವನ ತಲೆ ಬಡಿದಳು. ಅವನ ಹುಬ್ಬು ಸೀಳಿತು. ಮತ್ತೊಮ್ಮೆ ಬಡಿದಳು. ಗೂಳಿ ಮಾಂಸದ ಕೊಕ್ಕೆ ಎತ್ತಿಕೊಂಡು ನುಗ್ಗಿ ಅವಳ ಭುಜಕ್ಕೆ ಬೀಸಿದ. ಕೊಕ್ಕೆ ಒಳಗಿಳಿಯಿತು. ಅವಳು ಹಿಡಿತ ಬಿಡಲಿಲ್ಲ. ಅವನು ಕೊಕ್ಕೆ ಕಿತ್ತು ಮತ್ತೆ ಎತ್ತುವಷ್ಟರಲ್ಲಿ ಕಡಿಯುವವರು ಸಾಲು ಬಿಟ್ಟು ಬಂದಿದ್ದರು, ಚೂರಿಗಳ ಸಮೇತ. ಒಬ್ಬ ಅವನ ಮೊಣಕಾಲಿನ ಹಿಂದಕ್ಕೆ ಒದ್ದು ಕೆಡವಿದ, ಇನ್ನೊಬ್ಬ ಎದೆಯ ಮೇಲೆ ಕೂತ. ಕರುಳು ತುಂಬುವ ಹೆಂಗಸರು ಹೋಗಿ ಬಾಗಿಲು ಮುಚ್ಚಿದರು.

"ತಿನ್ನು. ಉಗುಳಬಾರದು, ನೆಲ ಗಲೀಜಾಗುತ್ತೆ."

ಯಜಮಾನ ಹಲ್ಲು ಕಚ್ಚಿ ಹಿಡಿದ. ಅವಳು ಹಸಿ ಕೈಮಾವನ್ನು ಅವನ ತುಟಿಗೆ ತಿಕ್ಕಿದಳು, ಮೂಗಿಗೆ ತಿಕ್ಕಿದಳು. ತುಟಿ ಹಲ್ಲಿಗೆ ಸಿಕ್ಕು ಒಡೆಯಿತು, ಬಾಯಿ ಮಾತ್ರ ತೆರೆಯಲಿಲ್ಲ. ಎಲ್ಲರೂ ನೋಡಿದರು. ಹಸಿ ಕೈಮಾ ನುಂಗಿದರೆ ಏನಾಗುತ್ತದೆಂದು ಈ ಮನುಷ್ಯನಿಗೆ ಮೊದಲಿಂದಲೂ ಗೊತ್ತಿತ್ತು ಎಂಬುದು ಅವರಿಗೆ ಆ ಮುಚ್ಚಿದ ಬಾಯಿಯಿಂದಲೇ ತಿಳಿಯಿತು.

"ತಿನ್ನಲ್ಲ ಅಂದ್ರೆ ಬೀಗದ ಕೈ ಕೊಡು."

ಅವನ ಬೆರಳುಗಳು ತಡವರಿಸುತ್ತ ಬೆಲ್ಟಿಗೆ ಹೋದವು.

ನಲ್ಲಿ ಮೊದಲು ಗೊರ್ ಎಂದು ತುಕ್ಕು ಕಾರಿತು, ಆಮೇಲೆ ನೀರು. ಯಾರೋ ಹೆಂಗಸು ಯಜಮಾನನ ಕೋಣೆಯಿಂದ ಆ ಗುಲಾಬಿ ಸೋಪು ತಂದುಕೊಟ್ಟಳು. ನಾಲಿಗೆಯಕ್ಕ ಉಗುರಿನ ಸಂದಿಯಿಂದ ಮೊಣಕೈವರೆಗೆ ಉಜ್ಜಿದಳು. ಭುಜದಿಂದ ಇಳಿಯುತ್ತಿದ್ದ ರಕ್ತ ತೊಳೆದ ಕೈಗೇ ಮತ್ತೆ ಹರಿಯಿತು, ಮತ್ತೆ ತೊಳೆದಳು. ಅವಳ ಹಿಂದೆ ಇಡೀ ಶೆಡ್ಡು ಸಾಲುಗಟ್ಟಿ ನಿಂತಿತ್ತು. ಗೂಳಿ ಒಳಗೆ ಎಲ್ಲೋ ಅರಚುತ್ತಿದ್ದ. ಪೊಲೀಸರು ಬಂದೇ ಬರುತ್ತಾರೆಂದು ಅವಳಿಗೆ ಗೊತ್ತಿತ್ತು.

ಸೋಪನ್ನು ಹಿಂದಿನವನ ಕೈಗೆ ಕೊಡಹೋದವಳು ತಡೆದು ನಿಂತಳು. ಅವನ ಚೂರಿಯಿಂದಲೇ ಅದನ್ನು ಎರಡು ತುಂಡು ಮಾಡಿ, ಒಂದನ್ನು ನಲ್ಲಿಯ ಮೇಲಿಟ್ಟಳು. ಇನ್ನೊಂದನ್ನು ಮುಷ್ಟಿಯಲ್ಲಿ ಹಿಡಿದು ಆಸ್ಪತ್ರೆಯ ದಾರಿ ಹಿಡಿದಳು. ಬಲಗೈ ಇಲ್ಲದವನಿಗೆ ಇನ್ನು ತುತ್ತು ಮಾಡಿ ಕೊಡಬೇಕಾದದ್ದು ಅವಳೇ.