ಬೇರೆ ಊರಿನ ಡ್ರಮ್ಮರ್

"ಡ್ರಮ್ಸ್ ಬಾರಿಸ್ತಿರೋದು ಯಾರು?"

ಅಪ್ಪ ಬಾಗಿಲಲ್ಲಿ ನಿಂತಿದ್ದ. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಅರ್ಧ ಓದಿದ ಪೇಪರು. ಮಗಳು ಬೆಚ್ಚಿಬಿದ್ದು ಕಿವಿಯ ಮೇಲಿನ ಹೆಡ್‌ಫೋನ್ ಕಿತ್ತಳು. ಕಿತ್ತ ಮೇಲೂ ಹಾಡು ನಿಲ್ಲಲಿಲ್ಲ. ಸ್ಪೀಕರಿನ ಸ್ವಿಚ್ಚು ಆರಿಸುವುದನ್ನೇ ಅವಳು ಮರೆತಿದ್ದಳು. ಬೆಳಗಿನಿಂದ ಕದ್ದುಮುಚ್ಚಿ ಮಾಡುತ್ತಿದ್ದ ಕೆಲಸವೆಲ್ಲ ಅಡುಗೆಮನೆಯವರೆಗೂ ಕೇಳಿಸಿತ್ತು.

"ಒಬ್ಬ ಫ್ರೆಂಡು," ಎಂದಳು. ಸುಳ್ಳು ತಾನಾಗಿಯೇ ಬಾಯಿಗೆ ಬಂತು. "ಬೇರೆ ಊರಲ್ಲಿದಾನೆ. ಬಾರಿಸಿ ಕಳಿಸ್ತಾನೆ, ನಾನು ಹಾಡಿಗೆ ಸೇರಿಸ್ಕೋತೀನಿ."

ಅಪ್ಪ ತಲೆಯನ್ನು ಒಂದು ಕಡೆಗೆ ವಾಲಿಸಿ ಹಾಡು ಮುಗಿಯುವವರೆಗೂ ಕೇಳಿದ. ಲೋಟದ ಕಾಫಿಗೆ ಕೆನೆ ಕಟ್ಟಿತು.

"ಪರವಾಗಿಲ್ಲ. ಕೈ ಇದೆ ಅವನಿಗೆ. ಸ್ವಲ್ಪ ಅವಸರದ ಬುದ್ಧಿ, ಅಷ್ಟೇ. ವಯಸ್ಸೆಷ್ಟು?"

"ಕೇಳಿಲ್ಲ ಅಪ್ಪಾ."

"ಕೇಳು ಮತ್ತೆ," ಎಂದು ಅಪ್ಪ ಕಾಫಿ ಬಿಸಿ ಮಾಡಿಕೊಳ್ಳಲು ಹೋದ.

ಬೇರೆ ಊರಿನಲ್ಲಿ ಫ್ರೆಂಡೂ ಇರಲಿಲ್ಲ, ಡ್ರಮ್ಮರೂ ಇರಲಿಲ್ಲ. ಇಸ್ತ್ರಿ ಟೇಬಲ್ಲಿನ ಮೇಲೆ ಒಂದು ಲ್ಯಾಪ್‌ಟಾಪು, ಪಿಯಾನೋ ಥರದ ಒಂದು ಪುಟ್ಟ ಕೀಬೋರ್ಡು, ಒಂದು ಮೈಕು ಇದ್ದವು. ಲ್ಯಾಪ್‌ಟಾಪಿನೊಳಗೆ ಹಳೆಯ ಕಾಲದ ರಾಕ್ ವಾದ್ಯಗಳ ಸಂಗ್ರಹವೊಂದಿತ್ತು. ಅವಳು ಹುಟ್ಟುವುದಕ್ಕೂ ಮೊದಲಿನ ಡ್ರಮ್ಸು, ಬೇಸ್ ಗಿಟಾರು, ಕರೆಂಟಿನ ಆರ್ಗನ್ನು, ಇವನ್ನೆಲ್ಲ ಯಾರೋ ಒಂದೊಂದೇ ಪೆಟ್ಟು, ಒಂದೊಂದೇ ಸ್ವರವಾಗಿ ರೆಕಾರ್ಡು ಮಾಡಿ ಇಟ್ಟಿದ್ದರು. ಕೀಬೋರ್ಡಿನ ಒಂದು ಕೀ ಒತ್ತಿದರೆ ಡ್ರಮ್ಮಿನ ಒಂದು ಪೆಟ್ಟು. ಮೆಲ್ಲಗೆ ಒತ್ತಿದರೆ ಮೆಲ್ಲನೆಯ ಪೆಟ್ಟು, ಗುದ್ದಿದರೆ ಗುದ್ದಿದ ಪೆಟ್ಟು. ಅವನ್ನು ಮೌಸಿನಿಂದ ಹೆಕ್ಕಿ, ಪರದೆಯ ಮೇಲೆ ಸಾಲಾಗಿ ಜೋಡಿಸಿ, ತಾನೇ ಬರೆದ ಹಾಡಿಗೆ ಅವಳು ತಾಳ ಕಟ್ಟುತ್ತಿದ್ದಳು. ಮಧ್ಯಾಹ್ನ ಬಾಗಿಲು ಹಾಕಿದ ಅಂಗಡಿಯ ಮುಂದೆ ಕಾಯುತ್ತ ನಿಂತವಳ ಹಾಡು ಅದು. ಅವತ್ತಿನವರೆಗೂ ಯಾರಿಗೂ ಕೇಳಿಸಿರಲಿಲ್ಲ.

ಜೋಡಿಸುವುದು ಅವಳ ಕಸುಬು. ಹಲ್ಲಿನ ಡಾಕ್ಟರುಗಳಿಗೆ ಕೃತಕ ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿ ಅವಳ ಕೆಲಸ. ಹಲ್ಲುಗಳನ್ನು ಗೆರೆ ಎಳೆದಂತೆ ಕೂರಿಸಿದರೆ ಕಟ್ಟಿಸಿಕೊಂಡದ್ದೆಂದು ನೋಡಿದ ಕೂಡಲೇ ಗೊತ್ತಾಗಿಬಿಡುತ್ತದೆ. ಅದಕ್ಕೇ ಒಂದು ಹಲ್ಲನ್ನು ಕೂದಲೆಳೆಯಷ್ಟು ಓರೆ ಮಾಡಬೇಕು, ಪಕ್ಕದ್ದನ್ನು ಚೂರು ಗಿಡ್ಡ ಮಾಡಬೇಕು. ಡ್ರಮ್ಮಿನ ಪೆಟ್ಟುಗಳಿಗೂ ಅವಳು ಅದನ್ನೇ ಮಾಡಿದ್ದಳು. ಒಂದನ್ನು ತುಸು ಹಿಂದಕ್ಕೆ ಸರಿಸಿದ್ದಳು, ಇನ್ನೊಂದನ್ನು ಮುಂದಕ್ಕೆ. ಅಪ್ಪ ನಂಬಿದ್ದು ಅದರಿಂದಲೇ.

ಸುಳ್ಳಿಗೆ ಕಾರಣವಿತ್ತು. ಅಪ್ಪ ಒಂದು ಕಾಲದಲ್ಲಿ ದೊಡ್ಡ ಹೋಟೆಲೊಂದರ ಬ್ಯಾಂಡಿನಲ್ಲಿ ಡ್ರಮ್ಮರ್ ಆಗಿದ್ದವನು. ಒಂದು ಸಂಜೆ ಕೆಲಸಕ್ಕೆ ಹೋದಾಗ ಅವನ ಸ್ಟೂಲಿನ ಮೇಲೆ ಚಪ್ಪಲಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದು ಕೂತಿತ್ತು. ಗುಂಡಿ ಒತ್ತಿದರೆ ಸಾಕು, ತಾಳ ಹಾಕುತ್ತಿತ್ತು. ಇದಕ್ಕೆ ಊಟ ಬೇಡ, ರಜೆ ಬೇಡ ಎಂದು ಮ್ಯಾನೇಜರು ನಗುತ್ತ ಹೇಳಿದನಂತೆ. ಅಪ್ಪ ಡ್ರಮ್ಸ್ ಮಾರಿ, ಮನೆಮನೆಗೆ ಹೋಗಿ ಕರೆಂಟ್ ಮೀಟರು ಓದುವ ಕೆಲಸ ಹಿಡಿದು, ಅದರಲ್ಲೇ ರಿಟೈರಾದ. ಇವತ್ತಿಗೂ ಬಸ್ಸಿನಲ್ಲಿ ಯಂತ್ರದ ತಾಳ ಕಿವಿಗೆ ಬಿದ್ದರೆ "ಗಡಿಯಾರ!" ಎಂದು ಮುಖ ಸಿಂಡರಿಸಿ ಇಳಿದುಬಿಡುತ್ತಾನೆ, ಇಳಿಯುವ ಸ್ಟಾಪು ಬಂದಿರಲಿ ಬಿಡಲಿ. ಅಂಥವನ ಮನೆಯಲ್ಲೇ, ಅದೂ ಹೆತ್ತ ಮಗಳೇ, ಆ ಗಡಿಯಾರವನ್ನು ತಂದು ಸಾಕಿಕೊಂಡಿದ್ದಾಳೆಂದು ತಿಳಿದರೆ ಏನಾದೀತು? ಅಮ್ಮ ಹೋದ ಮೇಲೆ ಮನೆಯಲ್ಲಿ ಉಳಿದವರು ಇಬ್ಬರೇ. ಅಪ್ಪ ಮುನಿಸಿಕೊಂಡು ಮಾತು ಬಿಟ್ಟರೆ ಅವಳ ಜೊತೆ ಮಾತಾಡುವವರೇ ಇಲ್ಲ. ಅವಳಿಗಿದ್ದ ಹೆದರಿಕೆ ಅದೇ.

ಅಪ್ಪನೋ ಅಲ್ಲಿಗೆ ಬಿಡುವ ಪೈಕಿಯಲ್ಲ. ಮರುದಿನ ಅವಳು ಲ್ಯಾಬಿನಿಂದ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೆಯೇ, "ಏನಂತಾನೆ ಹಲ್ಲಮ್ಮಾ, ನಿನ್ನ ಡ್ರಮ್ಮರು?" ಎಂದ. ಲ್ಯಾಬಿಗೆ ಸೇರಿದ ದಿನವೇ ಅವಳಿಗೆ ಅವನು ಇಟ್ಟ ಹೆಸರು ಹಲ್ಲಮ್ಮ.

"ಚೆನ್ನಾಗಿದಾನೆ."

"ನಾನೇನು ಅವನ ಆರೋಗ್ಯ ಕೇಳಿದ್ನಾ? ಎರಡನೇ ಚರಣಕ್ಕೆ ಹೋಗೋವಾಗ ಓಡ್ತಾನೆ, ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ. ನೀನು ಅಲ್ಲಿ ಉಸಿರು ತಗೋಬೇಕು. ಅವನು ಬಿಟ್ರೆ ತಾನೆ? ಹೇಳು ಅವನಿಗೆ."

ಅವಳು ಕೋಣೆಗೆ ಹೋಗಿ ಪರದೆಯ ಮೇಲೆ ಆ ಜಾಗ ಹುಡುಕಿದಳು. ಪೆಟ್ಟುಗಳನ್ನು ಎಳೆದು ಹಿಂದಕ್ಕಿಟ್ಟಳು. ಹಾಡಿ ನೋಡಿದರೆ ನಿಜಕ್ಕೂ ಉಸಿರಿಗೆ ಜಾಗವಾಗಿತ್ತು. ತಾನು ಅಷ್ಟು ದಿನ ಅಲ್ಲಿ ಏದುಸಿರು ಬಿಡುತ್ತಿದ್ದದ್ದು ತನ್ನ ಗಂಟಲಿನ ತಪ್ಪಲ್ಲವೆಂದು ತಿಳಿದು ಅವಳಿಗೆ ಖುಷಿಯಾಯಿತು.

ಹೊಸದಾಗಿ ಬಂದದ್ದನ್ನು ಕೇಳಿ ಅಪ್ಪ ಉಬ್ಬಿಹೋದ. "ನೋಡಿದ್ಯಾ! ಹೇಳಿದ ಮಾತು ಕೇಳೋ ಹುಡುಗ. ಈ ಕಾಲದಲ್ಲಿ ಇಂಥೋರು ಎಲ್ಲಿ ಸಿಗ್ತಾರೆ? ಮದುವೆ ಆಗಿದೆಯಾ ಅವನಿಗೆ?"

"ಅಪ್ಪಾ!"

"ಅಯ್ಯೋ, ಡ್ರಮ್ಮರ್ ಹೆಂಡತಿ ಪಡೋ ಪಾಡು ಏನು ಅಂತ ನಿಮ್ಮಮ್ಮನ್ನ ನೋಡಿ ಗೊತ್ತು. ಅದಕ್ಕೆ ಕೇಳಿದೆ, ಅಷ್ಟೇ."

ಆಮೇಲೆ ಅವನಿಗೆ ಅದೇ ಗುಂಗು. ಊಟಕ್ಕೆ ಕೂತರೆ ಬೇರೆ ಊರಿನ ಡ್ರಮ್ಮರು, ತರಕಾರಿ ಹೆಚ್ಚಲು ಕೂತರೆ ಬೇರೆ ಊರಿನ ಡ್ರಮ್ಮರು. ಅವನಿಗೆ ಬುದ್ಧಿ ಹೇಳುವ ನೆಪದಲ್ಲಿ, ಅವಳು ಹಿಂದೆಂದೂ ಕೇಳಿರದ ಸಂಗತಿಗಳು ಹೊರಬಂದವು. ತೊಡೆಯ ಮುಂದಿನ ಪುಟ್ಟ ಸ್ನೇರ್ ಡ್ರಮ್ಮು ಹೆಚ್ಚು ಗುಂಯ್‌ಗುಡಬಾರದೆಂದು ಅದರ ಮೇಲೆ ತನ್ನ ಪರ್ಸು ಇಟ್ಟುಕೊಳ್ಳುತ್ತಿದ್ದದ್ದು, ಆಟ ಮುಗಿದ ಮೇಲೆ ಅದನ್ನು ಅಲ್ಲೇ ಮರೆತು ನಡೆದುಕೊಂಡು ಮನೆಗೆ ಬಂದದ್ದು, ಕುಡಿದ ಗಾಯಕ ಚರಣ ಹಾರಿಸಿದಾಗ ಇಡೀ ಬ್ಯಾಂಡು ತನ್ನ ಮುಖ ನೋಡುತ್ತಿದ್ದದ್ದು. ಹೇಳುವಾಗ ಅವನ ಬೆರಳುಗಳು ಮೇಜಿನ ಅಂಚಿನಲ್ಲಿ ಆಡುತ್ತಿದ್ದವು. ಅವಳಿಗೆ ಆ ಮಾತು ಎಷ್ಟು ಕೇಳಿದರೂ ಸಾಲದು. ಆದರೆ ಸುಳ್ಳಿಗೆ ದಿನೇದಿನೇ ರೆಕ್ಕೆಪುಕ್ಕ ಬರುತ್ತಿತ್ತು. "ಒಂದ್ಸಲ ಫೋನ್ ಹಚ್ಚಿಕೊಡು, ನಾನೇ ಮಾತಾಡ್ತೀನಿ," ಎಂದಾಗ, ಅವನಿಗೆ ನಾಚಿಕೆ ಸ್ವಭಾವ ಎಂದು ಹೇಳಿ ಜಾರಿಕೊಂಡಳು.

ಭಾನುವಾರ ತಿಂಡಿ ಮುಗಿಸಿ ಅಪ್ಪ ಅವಳ ಕೋಣೆಗೇ ಬಂದು ಮಂಚದ ಮೇಲೆ ಕೂತ. ಕೈಯಲ್ಲಿ ಎರಡು ಪೆನ್ಸಿಲು. ತೊಡೆಯ ಮೇಲೆ ದಿಂಬು ಇಟ್ಟುಕೊಂಡ.

"ಹಾಕು. ಅವನ ಹಾಗೇ ಬಾರಿಸಿ ನೋಡ್ತೀನಿ. ಕೈಗೆ ಏನಾದ್ರೂ ನೆನಪಿದೆಯಾ ಅಂತ."

ಹಾಡು ಶುರುವಾಯಿತು. ಪೆನ್ಸಿಲುಗಳು ಮೊದಲು ತಡವರಿಸಿ, ಆಮೇಲೆ ಹದಕ್ಕೆ ಬಂದವು. ಕೊನೆಯ ಪಲ್ಲವಿಯ ಹೊತ್ತಿಗೆ ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. ಇದ್ದಕ್ಕಿದ್ದಂತೆ ನಿಲ್ಲಿಸಿದ.

"ಇದನ್ನ ಇನ್ನೊಂದ್ಸಲ ಹಾಕು."

ಹಾಕಿದಳು. ಅಪ್ಪ ಗಾಳಿಯಲ್ಲಿ ಕೈ ಆಡಿಸಿ ನೋಡಿದ. ಬಲಗೈಯಿಂದ ಹೈಹ್ಯಾಟಿನ ಜೋಡಿ ಕಂಚಿನ ತಟ್ಟೆಗೆ ಒಂದು. ಎಡಗೈಯಿಂದ ಸ್ನೇರಿಗೆ ಒಂದು. ಅದೇ ಕ್ಷಣಕ್ಕೆ ಆಚೆ ಬದಿಯ ದೊಡ್ಡ ತಟ್ಟೆಯೂ ಝಲ್ಲೆಂದಿತ್ತು. ಎಡಗೈ ಬಲಗೈ ಬದಲಿಸಿ ನೋಡಿದ. ಕೊನೆಗೆ ಪೆನ್ಸಿಲುಗಳನ್ನು ದಿಂಬಿನ ಮೇಲಿಟ್ಟ.

"ನಿನ್ನ ಫ್ರೆಂಡಿಗೆ ಎಷ್ಟು ಕೈ?"

ಅವಳು ಪರದೆಯ ಮೇಲಿನ ಪೆಟ್ಟುಗಳನ್ನು ನೋಡಿದಳು. ಕಿವಿಗೆ ಇಂಪಾಯಿತೆಂದು ಒಂದರ ಮೇಲೊಂದು ಪೇರಿಸಿದ್ದಳು, ಬಾರಿಸುವವನೊಬ್ಬನಿಗೆ ಎರಡೇ ಕೈ ಎಂಬುದು ಹೊಳೆದೇ ಇರಲಿಲ್ಲ. ಒಂದು ಸೆಟ್ಟು ಹಲ್ಲು ಮಾಡಿದರೆ ಬಾಯಿ ಸರಿಯಾಗಿ ಮುಚ್ಚೀತೇ ಎಂದು ಹತ್ತು ಸಲ ನೋಡುವವಳು, ಇಲ್ಲಿ ಮನುಷ್ಯನನ್ನೇ ಮರೆತಿದ್ದಳು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದಳು.

ಅಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಹಾಗಾದ್ರೆ ಇಷ್ಟು ದಿನ ನಾನು ಬುದ್ಧಿ ಹೇಳಿದ್ದು ಗಡಿಯಾರಕ್ಕೆ," ಎಂದ. ದಿಂಬನ್ನು ಇದ್ದ ಜಾಗದಲ್ಲೇ ಇಟ್ಟು, ಅದರ ಸುಕ್ಕು ಸರಿಮಾಡಿ ಹೊರಗೆ ಹೋದ.

ಆ ದಿನವೆಲ್ಲ ಮಾತಿಲ್ಲ. ಊಟಕ್ಕೆ ಕರೆದರೆ ಬಂದ, ಉಂಡ, ತನ್ನ ತಟ್ಟೆ ತೊಳೆದಿಟ್ಟ. ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಇದ್ದೊಬ್ಬ ಅಪ್ಪನನ್ನು ತಾನೇ ಕೈಯಾರೆ ಪೆದ್ದನನ್ನಾಗಿ ಮಾಡಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಮರುದಿನ ಲ್ಯಾಬಿನಲ್ಲಿ ಯಾವುದೋ ಬಾಯಿಯ ಎಡಗಡೆಯ ಹಲ್ಲನ್ನು ಬಲಗಡೆಗೆ ಕೂರಿಸಿ, ಹಲ್ಲು ಹಿಡಿದಿದ್ದ ಮೇಣ ಕರಗಿಸಿ ಮತ್ತೆ ಮೊದಲಿಂದ ಮಾಡಬೇಕಾಯಿತು. ಮನೆಗೆ ಹೋದ ಕೂಡಲೇ ಆ ಸಂಗ್ರಹವನ್ನು ಅಳಿಸಿಹಾಕುವುದೆಂದು ತೀರ್ಮಾನಿಸಿದಳು.

ಮನೆಗೆ ಬಂದರೆ ಅಪ್ಪ ಅವಳ ಕೋಣೆಯಲ್ಲಿದ್ದ. ಇಸ್ತ್ರಿ ಟೇಬಲ್ಲಿನ ಮುಂದೆ ಅವಳ ಕುರ್ಚಿಯಲ್ಲಿ ಕೂತು, ಕಪ್ಪಗಿದ್ದ ಪರದೆಯನ್ನು ದಿಟ್ಟಿಸುತ್ತಿದ್ದ.

"ಇದನ್ನ ಹಾಕೋದು ಹೇಗೆ ಅಂತ ಗೊತ್ತಾಗ್ಲಿಲ್ಲ," ಎಂದ, ತಿರುಗದೆ. "ನನಗೆ ಒಂದು ವಿಷಯ ತಲೆಗೆ ಹೋಗ್ತಿಲ್ಲ ಕಣೇ. ಆ ಹೋಟೆಲಿನ ಡಬ್ಬಿ ಸದ್ದು ನನಗೆ ಚೆನ್ನಾಗಿ ಗೊತ್ತು. ಇದು ಅದಲ್ಲ. ಇದು ಕೋಲು ಬಿದ್ದ ಸದ್ದು. ಯಂತ್ರಕ್ಕೆ ಕೋಲು ಎಲ್ಲಿಂದ ಬಂತು?"

ಅವಳು ಬ್ಯಾಗನ್ನು ಹೆಗಲಿಂದ ಇಳಿಸದೆಯೇ ಲ್ಯಾಪ್‌ಟಾಪು ಆನ್ ಮಾಡಿ, ಒಂದು ಕೀ ಒತ್ತಿದಳು. ಸ್ನೇರಿನ ಒಂದು ಪೆಟ್ಟು ಕೋಣೆಯಲ್ಲಿ ಮೊಳಗಿ ಅಡಗಿತು.

"ಇನ್ನೊಂದ್ಸಲ."

ಅದೇ ಕೀ ಒತ್ತಿದಳು. ಅಪ್ಪ ಹುಬ್ಬು ಗಂಟಿಕ್ಕಿದ. "ಇದು ಬೇರೆ ಪೆಟ್ಟು."

"ಹೌದು. ಒಂದೇ ಪೆಟ್ಟು ಮತ್ತೆ ಮತ್ತೆ ಬಂದ್ರೆ ಯಂತ್ರ ಅಂತ ಗೊತ್ತಾಗಿಬಿಡತ್ತಲ್ಲ? ಅದಕ್ಕೇ ಅದೇ ಪೆಟ್ಟನ್ನ ಎಷ್ಟೋ ಸಲ ಹೊಡೆಸಿ ಇಟ್ಟಿದಾರೆ. ಮೆಲ್ಲಗೆ ಎಷ್ಟೋ ಸಲ, ಜೋರಾಗಿ ಎಷ್ಟೋ ಸಲ."

"ಯಾರ ಕೈಲಿ ಹೊಡೆಸಿದಾರೆ?"

ಆ ಪ್ರಶ್ನೆ ಅವಳಿಗೆ ಎಂದೂ ಬಂದಿರಲಿಲ್ಲ. ಸಂಗ್ರಹದ ವಿವರಗಳನ್ನೆಲ್ಲ ತೆಗೆದು ಇಬ್ಬರೂ ಓದಿದರು. ಡ್ರಮ್ಮು ಯಾವ ಮರದ್ದು ಎಂದಿತ್ತು, ಎಂಥ ಮೈಕುಗಳನ್ನು ಎಷ್ಟು ದೂರದಲ್ಲಿ ಇಟ್ಟಿದ್ದರೆಂದಿತ್ತು, ರೆಕಾರ್ಡು ಮಾಡಿದ ಕೋಣೆಯ ಚಾವಣಿ ಎಷ್ಟು ಎತ್ತರ ಎಂದೂ ಇತ್ತು. ಬಾರಿಸಿದವನ ಸುದ್ದಿಯೇ ಇರಲಿಲ್ಲ.

"ಚಾವಣಿ ಅಳೆದಿದಾರೆ, ನೋಡು," ಎಂದ ಅಪ್ಪ. "ಕೂತವನ ಹೆಸರಿಲ್ಲ."

ಆಮೇಲೆ ಅವನೇ ಬೆರಳು ಮುಂದೆ ಮಾಡಿ ಆ ಕೀ ಒತ್ತಿದ, ಅತಿ ಮೆಲ್ಲಗೆ. ಕಿವಿಯನ್ನು ಸ್ಪೀಕರಿನ ಹತ್ತಿರ ಹಿಡಿದ. ಮತ್ತೆ ಒತ್ತಿದ, ಮತ್ತೆ. ಮಕ್ಕಳು ಹೊಸ ಬೀಗದ ಕೀಲಿ ತಿರುಗಿಸಿದ ಹಾಗೆ ತಿರುತಿರುಗಿ ಅದನ್ನೇ ಮಾಡಿದ.

"ಇಲ್ಲಿ ಸುಸ್ತಾಗಿದೆ ಇವನಿಗೆ. ಕೋಲು ಭಾರ ಆಗಿದೆ. ಬೆಳಗಿಂದ ಕೂರಿಸಿದಾರೆ ಅನ್ಸತ್ತೆ." ಇನ್ನೊಂದು ಪೆಟ್ಟು ಕೇಳಿದ. "ಪಾಪ. ಹಾಡೇ ಇಲ್ದೆ ಬರೀ ಪೆಟ್ಟು ಹೊಡಿ ಅಂದ್ರೆ ಹೇಗಾಗಿರ್ಬೇಕು ಅವನಿಗೆ?"

"ಅಪ್ಪಾ, ಬೇಡ ಅಂದ್ರೆ ಇದನ್ನ ಅಳಿಸಿಬಿಡ್ತೀನಿ."

"ಅಳಿಸಿದ್ರೆ ಇವನು ಎಲ್ಲಿಗೆ ಹೋಗ್ಬೇಕು?" ಎಂದು ಅಪ್ಪ ಸಿಟ್ಟಿನಿಂದಲೇ ಕೇಳಿದ. "ಸ್ನೇರು ಇದು. ತಟ್ಟೆ ಯಾವುದು? ತೋರಿಸು."

ತೋರಿಸಿದಳು. ಅಪ್ಪ ಅಂಗಿಯ ತೋಳು ಮಡಿಸಿಕೊಂಡ. ಎರಡು ತೋರುಬೆರಳುಗಳನ್ನು ಎರಡು ಕೀಗಳ ಮೇಲೆ ಇಟ್ಟು, ಕುರ್ಚಿಯನ್ನು ಎಳೆದು ಸರಿಯಾಗಿ ಕೂತ. ಅವಳು ಮೊದಲೇ ಹಾಡಿಟ್ಟದ್ದನ್ನು ಹಾಕಲು ಮೌಸಿಗೆ ಕೈ ಚಾಚಿದಳು.

"ಅದು ಬೇಡ. ನೀನೇ ಹಾಡು."

"ಇಲ್ಲೇ?"

"ಮತ್ತೆ ಎಲ್ಲಿ, ಬಚ್ಚಲಲ್ಲಾ?"

ಅವಳು ಅಪ್ಪನ ಎದುರು ಹಾಡಿದವಳೇ ಅಲ್ಲ. ಮೊದಲ ಸಾಲನ್ನು ತಡವಾಗಿ, ಪಿಸುದನಿಯಲ್ಲಿ ಎತ್ತಿಕೊಂಡಳು. ಅಪ್ಪನ ಬೆರಳುಗಳು ಅವಳಿಗಾಗಿ ನಿಧಾನವಾದವು. ಅವಳು ಹಿಂದೆ ಬಿದ್ದರೆ ಕಾದವು, ಮುಂದೆ ಹೋದರೆ ಜೊತೆಗೂಡಿದವು. ಪರದೆಯ ಮೇಲೆ ಇಷ್ಟು ದಿನ ಎಳೆದು ಸರಿಸಿದ ಯಾವ ಪೆಟ್ಟೂ ಹೀಗೆ ಅವಳಿಗಾಗಿ ಕಾದಿರಲಿಲ್ಲ. ಎರಡನೇ ಚರಣದ ಹೊತ್ತಿಗೆ ಹೆದರಿಕೆ ಹೋಗಿ ದನಿ ಬಿಟ್ಟು ಹಾಡಿದಳು.

ಆದರೂ ಎಲ್ಲೋ ಏನೋ ಕೊರತೆ ಇತ್ತು. ತಾಳಕ್ಕೆ ಬುಡವೇ ಇರಲಿಲ್ಲ. ಹಾಡುತ್ತಲೇ ಅವಳು ಕೆಳಗೆ ನೋಡಿದಳು. ಟೇಬಲ್ಲಿನ ಅಡಿಯಲ್ಲಿ ಅಪ್ಪನ ಬರಿಗಾಲು ನೆಲವನ್ನು ಒತ್ತುತ್ತಿತ್ತು. ಕಾಲಿನಿಂದ ಬಾರಿಸುವ ದೊಡ್ಡ ಬೇಸ್ ಡ್ರಮ್ಮಿನ ಪೆಡಲು ಇರಬೇಕಾದ ಜಾಗದಲ್ಲಿ ಹಿಮ್ಮಡಿ ಊರಿ, ಹೆಬ್ಬೆರಳು ಏಳುತ್ತ ಬೀಳುತ್ತಿತ್ತು. ನೆಲದಿಂದ ಯಾವ ಸದ್ದೂ ಬರುತ್ತಿರಲಿಲ್ಲ. ಅಪ್ಪನಿಗೆ ಅದರ ಪರಿವೆಯೇ ಇರಲಿಲ್ಲ. ಅವನು ಕಣ್ಣು ಮುಚ್ಚಿಕೊಂಡಿದ್ದ.

ಅವಳು ಹಾಡು ನಿಲ್ಲಿಸದೆ ಟೇಬಲ್ಲಿನ ಪಕ್ಕಕ್ಕೆ ಬಂದು ನಿಂತಳು. ಕೀಬೋರ್ಡಿನ ಎಡತುದಿಯಲ್ಲಿದ್ದ ಬೇಸ್ ಡ್ರಮ್ಮಿನ ಕೀ ಮೇಲೆ ಬೆರಳಿಟ್ಟು, ಕಣ್ಣನ್ನು ಅವನ ಹೆಬ್ಬೆರಳಿನ ಮೇಲೆ ನೆಟ್ಟು, ಅದು ಮತ್ತೆ ನೆಲಕ್ಕೆ ಬರುವುದನ್ನು ಕಾದಳು.