ಮೂಡಲಗಿಗೆ ದೀಪ ಹಚ್ಚಿದ ಸಮ್ಮೇದ

ಸಮ್ಮೇದ ಮೋಡೆಮ್‌ಗೂ ಬಹುವಚನ ಕೊಟ್ಟೇ ಮಾತನಾಡುತ್ತಿದ್ದ. “ಏಳ್ರಿ, ಒಂದೀಟು ಕಣ್ಣು ತೆರೀರಿ” ಎಂದು ಅದರ ಬೆನ್ನು ತಟ್ಟುವಾಗ ಗಿರಾಕಿಗಳ ಮನೆಯವರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಸ್ಥೂಲಕಾಯ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಯೋಚಿಸುವ ನಡಿಗೆ, ಉರಿಬಿಸಿಲಿನಲ್ಲೂ ಕಳಚದ ಬೂದುಬಣ್ಣದ ಸ್ವೆಟರ್. ಗೋಕಾಕದ ಇಂಟರ್ನೆಟ್ ಕಂಪನಿಯ ಈ ಎಂಜಿನಿಯರನ ಹಟವೋ, ಉಡದ ಪಟ್ಟು.

ಮೋಡೆಮ್‌ಗಳ ಸೆಟ್ಟಿಂಗ್ ಬದಲಿಸಲೆಂದು ಹುಕ್ಕೇರಿ, ಮೂಡಲಗಿಗಳ ಮನೆಮನೆ ಅಲೆದು ಸಾಕಾಗಿದ್ದ ಅವನು, ಕುರ್ಚಿಯಲ್ಲಿ ಕೂತೇ ಅವಕ್ಕೆಲ್ಲ ಹೊಸ ಸೆಟ್ಟಿಂಗ್ ಕಳಿಸುವ ಸಾಫ್ಟ್‌ವೇರನ್ನು ಎರಡು ಸಾವಿರದ ಏಳರಲ್ಲಿ ಕಾಡಿ ಬೇಡಿ ತರಿಸಿದ. ಬೆಳಗಾವಿಯ ಸಾಹೇಬರು ಗಡುವು ಹಾಕಿದರು: ಶನಿವಾರದೊಳಗೆ ಎಲ್ಲ ಮೋಡೆಮ್‌ಗೂ ಹೊಸ ಸೆಟ್ಟಿಂಗ್ ಹೋಗದಿದ್ದರೆ, ಮೊದಲೇ ನಷ್ಟದಲ್ಲಿರುವ ಮೂಡಲಗಿಯ ಸಂಪರ್ಕವೇ ಬಂದ್. ಮೂಡಲಗಿ ಸಮ್ಮೇದನ ಹುಟ್ಟೂರು.

ಯಾರೂ ಬಳಸದ ವೇಳೆಯೆಂದು ಅವನು ನಡುರಾತ್ರಿಯನ್ನು ಗೊತ್ತುಮಾಡಿದ. ಬೆಳಿಗ್ಗೆ ಪರದೆಯ ತುಂಬ ಕೆಂಪು ಚುಕ್ಕೆಗಳು. ಒಂದು ಮೋಡೆಮ್ಮೂ ಓಗೊಟ್ಟಿರಲಿಲ್ಲ. ಸಾಹೇಬರು ಸಾಫ್ಟ್‌ವೇರೇ ದಂಡ ಎಂದರು. ಸಂಗತಿ ಕೇಳಿದ ತಾಯಿ ಪದ್ಮವ್ವ ಮಾತ್ರ ನಕ್ಕುಬಿಟ್ಟಳು.

“ಮಲಗೂಮುಂದ ಯಾರರ ಪ್ಲಗ್ ಹಂಗ ಬಿಡತಾರೇನೋ? ನಮ್ಮ ಮನ್ಯಾಗ ನಾನ ದಿನಾ ಎಲ್ಲಾ ಕಿತ್ತಿಡತೇನಿ.”

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು ಅವನ ಪಾಡು. ಲಿಂಗಾಯತರ ಮನೆಯಿರಲಿ, ಜೈನರ ಮನೆಯಿರಲಿ, ಈ ಸೀಮೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಮನೆ ಕತ್ತಲಿರಬಾರದು. ಆಗ ಎಲ್ಲರೂ ಮನೆಯಲ್ಲೇ. ಶುಕ್ರವಾರ ಅವನು ಎಲ್ಲರಿಗೂ ಫೋನ್ ಮಾಡಿ, ದೇವರ ದೀಪದ ಸಂಗಡ ಮೋಡೆಮ್ಮನ್ನೂ ಹಚ್ಚಲು ಬೇಡಿಕೊಂಡ. ಜೈನನಾಗಿ ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟದ ಅವನಿಗೆ ಅದೇ ಊಟದ ವೇಳೆ. ಆದರೂ ಬುತ್ತಿ ಬಿಚ್ಚದೆ, ಕರೆಂಟು ಕೈಕೊಡದಿರಲೆಂದು ಪಾರ್ಶ್ವನಾಥನಿಗೆ ಕೈಮುಗಿದು ಪರದೆಯ ಮುಂದೆ ಕೂತ.

ಮೊದಲು ಅಂಕಲಗಿಯ ಒಂದು ಚುಕ್ಕೆ ಹಸಿರಾಯಿತು. ಆಮೇಲೆ ಅರಭಾವಿ, ಹುಕ್ಕೇರಿ. ಕಡೆಗೆ ಮೂಡಲಗಿ, ಓಣಿ ಓಣಿಯಾಗಿ. ಕತ್ತಲು ಕವಿಯುವಷ್ಟರಲ್ಲಿ ಪರದೆಯಲ್ಲಿ ಕೆಂಪೆಂಬುದೇ ಉಳಿದಿರಲಿಲ್ಲ. ಸಮ್ಮೇದ ಬಿಚ್ಚದ ಬುತ್ತಿಯನ್ನು ಹಾಗೇ ಚೀಲಕ್ಕೆ ಹಾಕಿ ಸಾಹೇಬರಿಗೆ ಫೋನ್ ಮಾಡಿದ. ಸುದ್ದಿ ಕೇಳಿ ಹಿಗ್ಗಿದ ಸಾಹೇಬರು ಫೋನಿನಲ್ಲೇ ಊಟವಾಯಿತೇ ಎಂದು ವಿಚಾರಿಸಿದರು.

“ಹೊಟ್ಟಿ ತುಂಬೈತ್ರಿ ಸಾಹೇಬ್ರ. ಮೂಡಲಗಿ ಉಳೀತಲ್ರಿ, ಸಾಕು.”

ಯಂತ್ರಕ್ಕಾಗಿ ಜನರ ರೂಢಿಯನ್ನು ಮುರಿಯ ಹೊರಡುವ ಜಾಣರಿಗೆ ಕೊರತೆಯಿಲ್ಲ. ಜನರ ರೂಢಿಗೆ ಯಂತ್ರವನ್ನು ಬಗ್ಗಿಸುವ ಇಂಥವರು ಸೀಮೆಗೊಬ್ಬರು ಸಿಕ್ಕರೂ ಪುಣ್ಯ. ಅವರು ಉಪವಾಸ ಮಲಗಿದ ದಿನ ಊರು ಗೆದ್ದಿರುತ್ತದೆ.